ಟ್ಯಾಂಕು ತುಂಬಿತೆಂದು ನಾಜಲಿಗೆ ಹೇಳಿದವರಾರು?

ಬಂಧುಗಳ ಮನೆಯ ಮದುವೆಯ ನಿಮಿತ್ತ ಸೋದರಳಿಯನ ಕಾರಿನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೊರಟಿದ್ದೆ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ, ಟ್ಯಾಂಕು ತುಂಬಿಸುವಂತೆ ಅಳಿಯ ಹೇಳಿದ. ಪೆಟ್ರೋಲು ಹಾಕಲು ಬಂದ ತರುಣನು ನನ್ನನ್ನು ಕಂಡೊಡನೆ “ನಮಸ್ಕಾರ ಮಾಸ್ಟ್ರೇ” ಎಂದು ಕೈಮುಗಿದ. ನಮ್ಮ ಶಾಲೆಯಲ್ಲೇ ಓದಿದ ಹುಡುಗ.

ಹತ್ತು ಲೀಟರು ಆಗುವ ಮೊದಲೇ ನಾಜಲ್ ‘ಟಕ್’ ಎಂದು ನಿಂತಿತು. ಆತ ಪುನಃ ಹಿಡಿಯನ್ನು ಒತ್ತಿದ, ಪುನಃ ನಿಂತಿತು. ಮೂರನೆಯ ಸಲ ನಿಂತಾಗ ಅಳಿಯನ ತಾಳ್ಮೆ ಕೆಟ್ಟಿತು. “ಹೀಗೆ ನಿಲ್ಲಿಸಿ ನಿಲ್ಲಿಸಿ ಅಳತೆಯಲ್ಲಿ ಕದಿಯುವುದು ನಮಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ?” ಎಂದುಬಿಟ್ಟ.

“ನಾನು ಏನೂ ಮಾಡಿಲ್ಲಣ್ಣ, ಅದು ತಾನಾಗಿಯೇ ನಿಲ್ತದೆ” ಎಂದು ಹುಡುಗ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಕಾರಣವೇನೆಂದು ನನಗೂ ತಿಳಿದಿರಲಿಲ್ಲ. ಸಂದೇಹದ ಒಂದೆಳೆ ನನ್ನ ಮನಸ್ಸಿನಲ್ಲಿಯೂ ಇತ್ತೆಂಬುದನ್ನು ವಾಚಕರಿಂದ ಮುಚ್ಚಿಡಲಾರೆ. ಅವನು ನಾಜಲನ್ನು ಸ್ವಲ್ಪ ಹೊರಳಿಸಿ ಹಿಡಿದ. ಪೆಟ್ರೋಲು ಸರಾಗವಾಗಿ ಇಳಿಯಿತು. ಆದರೆ ಆ ನೋಟ ಮದುವೆಯ ಊಟದ ಪಂಕ್ತಿಯಲ್ಲಿಯೂ ನನ್ನನ್ನು ಕಾಡಿತು.

ಊರಿಗೆ ಮರಳಿದ ಮೇಲೆ ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ತಿರುವಿ ಅರಿತುಕೊಂಡ ಸಂಗತಿಯನ್ನು ಈ ತಿಂಗಳು ಇಲ್ಲಿ ನಿವೇದಿಸುತ್ತಿದ್ದೇನೆ.

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಶಿಕ್ಷಕ ತರಬೇತಿಯಲ್ಲಿ ನಾವು ಕಲಿತ ಸೂತ್ರ. ಬೊಂಡ ಕುಡಿಯುವ ಸ್ಟ್ರಾ ಒಂದನ್ನು ಬಾಯಲ್ಲಿಟ್ಟು ಬರಿಯ ಗಾಳಿಯನ್ನು ಹೀರಿರಿ. ಕೆನ್ನೆಗೆ ಏನೂ ಆಗದು. ಹೀರುತ್ತಿರುವಾಗಲೇ ಅದರ ತುದಿಯನ್ನು ಬೆರಳಿನಿಂದ ಮುಚ್ಚಿರಿ. ಕೂಡಲೇ ಕೆನ್ನೆಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ. ನಾಜಲಿನ ಗುಟ್ಟೂ ಇದೇ.

ನಾಜಲಿನ ಮೂತಿಯ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಅಲ್ಲಿಂದ ಒಂದು ಕಿರುಕೊಳವೆ ಮೂತಿಯ ಒಳಗಿನಿಂದಲೇ ಹಿಂದಕ್ಕೆ ಸಾಗಿ, ಹಿಡಿಯ ಬಳಿಯ ಪುಟ್ಟ ಕೋಣೆಯನ್ನು ಸೇರುತ್ತದೆ. ಪೆಟ್ರೋಲು ಅಲ್ಲಿ ಇಕ್ಕಟ್ಟಿನ ದಾರಿಯಲ್ಲಿ ರಭಸದಿಂದ ನುಗ್ಗುವಾಗ ಅದರ ಒತ್ತಡ ಕುಗ್ಗಿ, ಕೋಣೆಯ ಗಾಳಿಯನ್ನು ಸೆಳೆಯುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿಯು 1797ರಲ್ಲಿ ವಿವರಿಸಿದ ತತ್ತ್ವವಿದು. ರಂಧ್ರ ತೆರೆದಿರುವಷ್ಟು ಹೊತ್ತು ಹೊಸ ಗಾಳಿ ಬರುತ್ತಲೇ ಇರುತ್ತದೆ. ಪೆಟ್ರೋಲು ಮೇಲೇರಿ ರಂಧ್ರವನ್ನು ಮುಚ್ಚಿತೋ, ಗಾಳಿ ನಿಲ್ಲುತ್ತದೆ. ಕೋಣೆಯ ತೆಳುಪೊರೆ ನಮ್ಮ ಕೆನ್ನೆಯಂತೆಯೇ ಒಳಕ್ಕೆ ಸೆಳೆಯಲ್ಪಟ್ಟು ಕೊಂಡಿಯನ್ನು ಕಳಚುತ್ತದೆ. ಸ್ಪ್ರಿಂಗು ಬಾಗಿಲನ್ನು ‘ಟಕ್’ ಎಂದು ಮುಚ್ಚುತ್ತದೆ. ವಿದ್ಯುತ್ತೂ ಬೇಡ, ಕಾವಲುಗಾರನೂ ಬೇಡ.

ಹಾಗಾದರೆ ಟ್ಯಾಂಕು ತುಂಬುವ ಮೊದಲೇ ನಿಂತುದೇಕೆ? ರಂಧ್ರಕ್ಕೆ ಟ್ಯಾಂಕಿನ ಮಟ್ಟ ತಿಳಿಯದು. ತನ್ನ ಬಾಯಿ ಮುಚ್ಚಿತೆಂಬುದಷ್ಟೇ ತಿಳಿಯುತ್ತದೆ. ಮೂತಿ ಓರೆಯಾಗಿದ್ದು ಪೆಟ್ರೋಲು ಪೈಪಿನ ಬಾಗಿಗೆ ಬಡಿದು ಹಿಂದಕ್ಕೆ ಸಿಡಿದರೆ, ನೊರೆಯೆದ್ದರೆ, ಅಥವಾ ಟ್ಯಾಂಕಿನ ಗಾಳಿ ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೆ ಅದು ಮೋಸಹೋಗುತ್ತದೆ. ಹುಡುಗ ನಾಜಲನ್ನು ಹೊರಳಿಸಿದುದು ಸರಿಯಾದ ಉಪಾಯವೇ ಆಗಿತ್ತು. ದ್ವಿಚಕ್ರ ವಾಹನಗಳಿಗೆ ಮೂತಿಯನ್ನು ಮೇಲೆಯೇ ಹಿಡಿದು ಹಾಕುವಾಗ ರಂಧ್ರ ಮುಚ್ಚುವುದೇ ಇಲ್ಲ. ಅಲ್ಲಿ ಹಾಕುವವನ ಕಣ್ಣೇ ಕಾವಲು.

ಅಳತೆಯ ಮಾತು. ಮೀಟರು ಇರುವುದು ನಾಜಲಿನಲ್ಲಲ್ಲ, ಯಂತ್ರದ ಪೆಟ್ಟಿಗೆಯಲ್ಲಿ. ನಾಜಲ್ ನಿಂತರೆ ಹರಿವು ನಿಲ್ಲುತ್ತದೆ, ಲೆಕ್ಕವೂ ನಿಲ್ಲುತ್ತದೆ. ಅಳತೆಯಲ್ಲಿ ಸಂದೇಹವಿದ್ದವರು ಬಂಕಿನಲ್ಲಿರುವ ಮುದ್ರೆಯೊತ್ತಿದ 5 ಲೀಟರಿನ ಮಾಪಕದಲ್ಲಿ ಅಳೆದು ತೋರಿಸುವಂತೆ ಕೇಳಬಹುದು. ಪರೀಕ್ಷಿಸುವ ಹಕ್ಕು ನಮಗಿದೆ. ಪರೀಕ್ಷಿಸದೆ ಕಳ್ಳನೆನ್ನುವ ಹಕ್ಕಿಲ್ಲ.

ಇನ್ನೊಂದು ಎಚ್ಚರಿಕೆ. ಟ್ಯಾಂಕು ನಿಜವಾಗಿ ತುಂಬಿ ನಿಂತ ಬಳಿಕ “ಇನ್ನೊಂದಿಷ್ಟು ಹಾಕು” ಎಂದು ಒತ್ತಾಯಿಸಬಾರದು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಪೆಟ್ರೋಲು ಸುಮಾರು ಶೇಕಡಾ 1ರಷ್ಟು ಹಿಗ್ಗುತ್ತದೆ. 40 ಲೀಟರಿಗೆ ಇದು 400 ಮಿಲಿಲೀಟರು. ನೆಲದಡಿಯ ತಂಪಿನಿಂದ ಬಂದ ಪೆಟ್ರೋಲು ಬಿಸಿಲಿನಲ್ಲಿ ಹಿಗ್ಗಲು ಟ್ಯಾಂಕಿನಲ್ಲಿ ಸ್ಥಳ ಬೇಕು. ಅತಿಯಾಗಿ ತುಂಬಿದರೆ, ಆವಿಯನ್ನು ಹೀರಿಕೊಳ್ಳಲೆಂದು ಈಗಿನ ಕಾರುಗಳಲ್ಲಿಟ್ಟ ಇದ್ದಿಲಿನ ಡಬ್ಬಕ್ಕೆ ಪೆಟ್ರೋಲೇ ನುಗ್ಗಿ ಅದು ಕೆಡುವುದುಂಟು.

ಕಳೆದ ಭಾನುವಾರ ಬಸ್ಸು ಹತ್ತಿ ಆ ಬಂಕಿಗೆ ಹೋಗಿದ್ದೆ. ಹುಡುಗನಿಗೆ ಸ್ಟ್ರಾದ ಪ್ರಯೋಗವನ್ನು ಮಾಡಿಸಿ, “ಅಂದು ನಿನ್ನ ಪರವಾಗಿ ಒಂದು ಮಾತನ್ನಾದರೂ ಹೇಳಬೇಕಿತ್ತು; ತಪ್ಪಾಯಿತು” ಎಂದೆ. ಅವನು ನಾಚಿ, “ಇರಲಿ ಮಾಸ್ಟ್ರೇ, ಇನ್ನು ಯಾರಾದರೂ ಬೈದರೆ ನಾನೇ ಪಾಠ ಮಾಡ್ತೇನೆ” ಎಂದು ನಕ್ಕ. ಅಳಿಯನಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಕಳುಹಿಸುತ್ತಿದ್ದೇನೆ.