ಹಾಡಿದ್ದೆಲ್ಲ ಒಪೆರಾ ಅಲ್ಲ!

2025ರ ಮಾರ್ಚಿನಲ್ಲಿ ಇಲ್ಲಿ ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ನೋಡಿ ಬಂದವನು ಒಂದು ವಾರ ಕಂಡಕಂಡವರಿಗೆಲ್ಲ "ಒಪೆರಾ ನೋಡಿದೆ" ಎಂದು ಹೇಳಿಕೊಂಡು ತಿರುಗಿದೆ. ಹೆಸರಲ್ಲೇ ಇದೆಯಲ್ಲ! ಕಥೆ ನಡೆಯುವುದೂ ಪ್ಯಾರಿಸ್ಸಿನ ಒಪೆರಾ ಹೌಸಿನಲ್ಲೇ. ಕೊನೆಗೆ ಗೆಳೆಯರೊಬ್ಬರು "ಅದು ಒಪೆರಾ ಅಲ್ಲ ಮಾರಾಯರೇ, ಬರೀ ಮ್ಯೂಸಿಕಲ್" ಎಂದು ಮೂಗು ಮುರಿದರು. ತಿದ್ದಿದ್ದಕ್ಕೆ ಬೇಸರವಿಲ್ಲ. ಆ 'ಬರೀ' ಮಾತ್ರ ನನಗೆ ಸರಿಬರಲಿಲ್ಲ.

ಒಪೆರಾದಲ್ಲಿ ಪೂರ್ತಿ ಹಾಡು, ಮ್ಯೂಸಿಕಲ್‌ನಲ್ಲಿ ನಡುನಡುವೆ ಮಾತು ಎನ್ನುವವರಿದ್ದಾರೆ. ಈ ಲೆಕ್ಕ ತಾಳೆಯಾಗುವುದಿಲ್ಲ. ಮೊಟ್ಸಾರ್ಟನ 'ದಿ ಮ್ಯಾಜಿಕ್ ಫ್ಲೂಟ್'ನಲ್ಲಿ (1791) ಮಾತಿದೆ. 1875ರಲ್ಲಿ ಮೊದಲು ರಂಗಕ್ಕೆ ಬಂದಾಗ ಬಿಜೆಯ 'ಕಾರ್ಮೆನ್'ನಲ್ಲೂ ಇತ್ತು. ಎರಡೂ ಒಪೆರಾಗಳೇ. ಇತ್ತ 'ಲೆ ಮಿಸೆರಾಬ್ಲ್' ಹೆಚ್ಚುಕಡಿಮೆ ಪೂರ್ತಿ ಹಾಡು, ಆದರೂ ಮ್ಯೂಸಿಕಲ್!

ನನಗೆ ತೋಚುವುದು ಇಷ್ಟು. ಒಪೆರಾ ಮೊದಲು ನಂಬುವುದು ದನಿಯನ್ನು. ಮೈಕಿಲ್ಲದೆ, ದೊಡ್ಡ ವಾದ್ಯವೃಂದವನ್ನು ದಾಟಿ ಕೊನೆಯ ಸಾಲನ್ನು ಮುಟ್ಟಬೇಕು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ದೊಡ್ಡ ಪಾತ್ರ ಹಾಡಿದವರು ಗಂಟಲಿಗೆ ಒಂದೆರಡು ದಿನ ಬಿಡುವು ಕೊಡುತ್ತಾರೆ. ಮ್ಯೂಸಿಕಲ್ ಮೊದಲು ನಂಬುವುದು ಮಾತನ್ನು. ಹಾಡಿನ ಒಂದೊಂದು ಪದವೂ ಕಿವಿಗೆ ಬೀಳಬೇಕು, ಜೊತೆಗೆ ನಟನೆ, ಕುಣಿತ, ಅದೂ ಬ್ರಾಡ್‌ವೇಯಲ್ಲಿ ವಾರಕ್ಕೆ ಸಾಮಾನ್ಯವಾಗಿ 8 ಪ್ರದರ್ಶನ. ಹೀಗಾಗಿ ಮೈಕು ಬಂತು. ಫ್ಯಾಂಟಮ್ ಅಲ್ಲಿ 1988ರಿಂದ 2023ರವರೆಗೆ ಓಡಿತು ನೋಡಿ!

ಈ ಗಡಿಯೂ ಗಟ್ಟಿಯಲ್ಲ. ಗರ್ಶ್ವಿನ್‌ನ 'ಪೋರ್ಗಿ ಅಂಡ್ ಬೆಸ್' 1935ರಲ್ಲಿ ಬ್ರಾಡ್‌ವೇಗೆ ಬಂತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಅದನ್ನು ರಂಗಕ್ಕೆ ತಂದದ್ದು 1985ರಲ್ಲಿ. ಕೃತಿ ಅದೇ, ಮರ್ಯಾದೆ ಸಿಗಲು 50 ವರ್ಷ!

ನನ್ನ ತಂದೆಗೆ ಕಂಪನಿ ನಾಟಕದ ಹುಚ್ಚು. ಮೈಕಿಲ್ಲದ ಕಾಲದ ನಟರು ಕಟ್ಟಕಡೆಯ ಬೆಂಚಿಗೂ ಕೇಳುವಂತೆ ಹಾಡುತ್ತಿದ್ದರಂತೆ, ಮಾತಿನ ಒಂದಕ್ಷರವೂ ನುಂಗದೆ. ದನಿಯೂ ಉಂಟು, ಮಾತೂ ಉಂಟು. ಅವರನ್ನು ಯಾವ ಖಾನೆಗೆ ಹಾಕೋಣ? ಆದರೂ ಮನೆಯಲ್ಲಿ ಅಜ್ಜ "ಬರೀ ಕಂಪನಿ ನಾಟಕ" ಎಂದು ಅಪ್ಪನನ್ನು ಬೈಯುತ್ತಿದ್ದರು. ಅಪ್ಪ ಎದುರಾಡುತ್ತಿರಲಿಲ್ಲ, ಕದ್ದು ಹೋಗಿಬರುತ್ತಿದ್ದರು.

ಬೇರೆ ಎಂದರೆ ಕೀಳು ಎಂದಲ್ಲ. ಇಷ್ಟನ್ನು ಆ ಗೆಳೆಯರಿಗೆ ಹೇಳಬೇಕೆಂದಿದ್ದೇನೆ. ಅಪ್ಪ ಹೇಳದೆ ಉಳಿಸಿದ್ದನ್ನೂ ಸೇರಿಸಿ. ಏನಂತೀರಿ?