ಕಾಲು ನಾಳೆ ಹೇಳತ್ತೆ

ವಾರಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತು ಬೆನ್ನು ಹಿಡ್ಕೊಳ್ತಿತ್ತು. ಹಾಗಾಗಿ ಹೋದ ವರ್ಷ ಕುದುರೆ ಸವಾರಿ ಕ್ಲಾಸಿಗೆ ಸೇರಿದೆ. ಸವಾರಿಗಿಂತ ಹೆಚ್ಚು ಹಿಡಿಸಿದ್ದು ರಾಣಿ ಅನ್ನೋ ಗಿಡ್ಡ ಕುದುರೆ.

ಒಂದು ಶನಿವಾರ ಸಂಜೆ ಅವಳಿಗೆ ಒಂದು ಹಿಡಿ ಓಟ್ಸ್ ಹೆಚ್ಚಿಗೆ ಕೊಡೋಣ ಅಂತ ಮೇವಿನ ಕೋಣೆಗೆ ಹೋದವನು, ಬರುವಾಗ ಚಿಲಕ ಹಾಕೋದು ಮರೆತೆ. ರಾತ್ರಿ ರಾಣಿ ಹಗ್ಗ ಬಿಚ್ಚಿಕೊಂಡು ಒಳಗೆ ನುಗ್ಗಿ, ಅರ್ಧ ಮೂಟೆ ಖಾಲಿ ಮಾಡಿದ್ದಳು.

ಭಾನುವಾರ ಬೆಳಿಗ್ಗೆ ನೋಡಿದರೆ ಆರಾಮಾಗೇ ನಿಂತಿದ್ದಳು. ಸದ್ಯ ಬಚಾವ್ ಅಂದುಕೊಂಡೆ. ಲಾಯ ನೋಡಿಕೊಳ್ಳುವ ಅಣ್ಣ ಮಾತ್ರ ಆಗಲೇ ಡಾಕ್ಟರಿಗೆ ಫೋನ್ ಮಾಡಿದ್ದರು. "ಈಗ ಚೆನ್ನಾಗೇ ಕಾಣ್ತಾಳೆ ಸಾರ್. ಕಾಲು ನಾಳೆ ಹೇಳತ್ತೆ" ಅಂದರು.

ತಿಂದದ್ದಕ್ಕೂ ಕಾಲಿಗೂ ಏನು ಸಂಬಂಧ? ಡಾಕ್ಟರು ಬಿಡಿಸಿ ಹೇಳಿದರು. ಕುದುರೆ ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ತಿನ್ನುವ ಪ್ರಾಣಿ. ಒಂದೇ ಸಲ ಅಷ್ಟು ಧಾನ್ಯ ತಿಂದರೆ ಸಣ್ಣ ಕರುಳಿನಲ್ಲಿ ಪಿಷ್ಟ ಪೂರ್ತಿ ಅರಗಲ್ಲ. ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತೆ. ಲ್ಯಾಕ್ಟಿಕ್ ಆಮ್ಲ ಏರಿ, ನಾರು ಅರಗಿಸುವ ಬ್ಯಾಕ್ಟೀರಿಯಾ ಸತ್ತು, ಕರುಳಿನ ಗೋಡೆ ಹಾಳಾಗಿ, ವಿಷ ರಕ್ತಕ್ಕೆ ಸೇರುತ್ತೆ. ಕುದುರೆಗೆ ವಾಂತಿ ಮಾಡಲೂ ಬರಲ್ಲ.

ಕೊನೆಗೆ ಪೆಟ್ಟು ಬೀಳೋದು ಗೊರಸಿಗೆ. ಗೊರಸಿನ ಗೋಡೆಗೆ ಒಳಗಿನ ಮೂಳೆಯನ್ನು ಹಿಡಿದಿಡೋದು ತೆಳು ಪದರಗಳು. ಎರಡು ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಅವು ಬಿಟ್ಟುಕೊಂಡರೆ ಮೂಳೆ ತಿರುಗುತ್ತೆ, ಕುಸಿಯುತ್ತೆ. ಇದೇ ಲ್ಯಾಮಿನೈಟಿಸ್. ಜೋರಾದರೆ ಕುದುರೆ ಉಳಿಯೋದೇ ಕಷ್ಟ. ನಮ್ಮ ಕೋಡ್‌ನಲ್ಲೂ ಹೀಗೇ ತಾನೆ? ಎರರ್ ಕಾಣೋದು ಒಂದು ಕಡೆ, ಬಗ್ ಇರೋದು ಇನ್ನೊಂದು ಕಡೆ.

ಇದಕ್ಕೆ ಒಂದೇ ರಾತ್ರಿಯ ಹೊಟ್ಟೆಬಾಕತನವೇ ಬೇಕೆಂದಿಲ್ಲ. ದಪ್ಪಗಾದ ಕುದುರೆಗಳಲ್ಲಿ ಇನ್ಸುಲಿನ್ ಸದಾ ಏರಿಕೊಂಡಿದ್ದರೂ ಇದೇ ಪದರಗಳು ಸಡಿಲವಾಗುತ್ತವೆ. ನಾನು ಪ್ರೀತಿಗೆ ಅಂತ ವಾರವಾರ ತಿನ್ನಿಸುತ್ತಿದ್ದ ಬೆಲ್ಲ, ಬ್ರೆಡ್ಡು ಕೇಳಿ ಡಾಕ್ಟರು ಸುಮ್ಮನೆ ನನ್ನ ಮುಖ ನೋಡಿದರು.

ನೋವು ಶುರುವಾಗುವ ಮೊದಲೇ ಗೊರಸು ತಣ್ಣಗಿಟ್ಟರೆ ಉಳಿಸಬಹುದಂತೆ. ಭಾನುವಾರ ಬೆಳಿಗ್ಗೆಯಿಂದ ಮೂರು ದಿನ ರಾಣಿಯ ಕಾಲು ಐಸ್ ನೀರಿನಲ್ಲಿ. ನಾನು ರಜೆ ಹಾಕಿ ಐಸ್ ಹೊತ್ತೆ. ಸೋಮವಾರ ರಾತ್ರಿ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಳು. ಅಣ್ಣ ಏನೂ ಮಾತಾಡಲಿಲ್ಲ. ನನಗೂ ಏನು ಹೇಳಬೇಕೋ ತೋಚಲಿಲ್ಲ.

ರಾಣಿ ಉಳಿದಳು. ನಿಧಾನಕ್ಕೆ ನಡೀತಾಳೆ, ಸವಾರಿ ಇನ್ನೂ ಇಲ್ಲ. ನಾನು ಈಗಲೂ ಪ್ರತಿ ಶನಿವಾರ ಹೋಗ್ತೀನಿ. ಕೈಯಲ್ಲಿ ಒಣಹುಲ್ಲು ಮಾತ್ರ. ಬರುವಾಗ ಚಿಲಕವನ್ನು ಎರಡು ಸಲ ಎಳೆದು ನೋಡ್ತೀನಿ.