ಮಾತ್ರೆಯ ಪಾದಪೂರಣ

ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ಎರಡು ಬಗೆಯ ಮಾತ್ರೆಗಳ ಅಧ್ಯಯನ ನಡೆಯುತ್ತದೆ: ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿ ಛಂದಸ್ಸಿನ ಮಾತ್ರೆ, ಅನತಿದೂರದಲ್ಲಿಯೇ, 1957ರಲ್ಲಿ ಸ್ಥಾಪಿತವಾದ ಬಾಂಬೆ ಕಾಲೇಜ್ ಆಫ್ ಫಾರ್ಮಸಿಯಲ್ಲಿ ನುಂಗುವ ಮಾತ್ರೆ. ಮಾತ್ರೆ ಸಾಲದೆ ಬಂದಲ್ಲಿ ಕವಿಯು ‘ವಲಂ’, ‘ತಾಂ’ ಎಂದು ಪಾದಪೂರಣ ಮಾಡಿ ಪಾರಾದರೆ ಕೆಡುವುದು ಪದ್ಯದ ರುಚಿಯೊಂದೇ. ಆದರೆ ಐದು ಮಿಲಿಗ್ರಾಂ ಮದ್ದನ್ನು ಬೆರಳಿಗೆ ಸಿಕ್ಕುವ ಗಾತ್ರಕ್ಕೆ ತರಲೆಂದು ಔಷಧಕಾರನು ಬೆರೆಸುವ ‘ಫಿಲ್ಲರ್’ ಎಂಬ ಪೂರಕದ್ರವ್ಯವನ್ನು ಅದೇ ಉದಾಸೀನದಿಂದ, ಅಗ್ಗವಾದುದೇ ಆದೀತೆಂದು ಆರಿಸುವುದು ಸಲ್ಲದು.

ಪುಡಿಯನ್ನು ನಾದಿ, ಹರಳುಗಟ್ಟಿಸಿ, ಒಣಗಿಸುವ ಹಳೆಯ ಕ್ರಮದಲ್ಲಿ ಪೂರಕದ ದೋಷಗಳು ಬಹಳಮಟ್ಟಿಗೆ ಅಡಗಿಹೋಗುತ್ತಿದ್ದವು. ಬೆರೆಸಿದೊಡನೆ ಯಂತ್ರಕ್ಕೆ ಸುರಿದು ಒತ್ತುವ ಡೈರೆಕ್ಟ್ ಕಂಪ್ರೆಷನ್ ಪದ್ಧತಿಯಲ್ಲಾದರೋ ಹರಿಯುವ ಹೊಣೆಯೂ ಕಚ್ಚಿಕೊಳ್ಳುವ ಹೊಣೆಯೂ ಬಹುಪಾಲು ಪೂರಕದ ಮೇಲೆಯೇ. ಅಡಿಗೆಮನೆಯ ಡಬ್ಬಿಗಳನ್ನು ಬಗ್ಗಿಸಿ ಬಲ್ಲವರಿಗೆ ಇದು ಹೊಸದಲ್ಲ: ರವೆ ಸರಸರನೆ ಸುರಿಯುತ್ತದೆ, ಮೈದಾ ಅಂಟಿ ನಿಂತು ಒಮ್ಮೆಲೇ ಧೊಪ್ಪನೆ ಬೀಳುತ್ತದೆ, ಅಚ್ಚಿನ ಕುಳಿಗೆ ಹಾಗೆ ಬಿದ್ದರೆ ಒಂದು ಮಾತ್ರೆಗೂ ಇನ್ನೊಂದಕ್ಕೂ ತೂಕವೇ ಬೇರೆ. ಪೂರಕಗಳ ಪೈಕಿ ತುಂತುರಾಗಿಸಿ ಒಣಗಿಸಿದ ಲ್ಯಾಕ್ಟೋಸ್ ಸೊಗಸಾಗಿ ಹರಿಯುತ್ತದಾದರೂ ಅಮೈನ್ ಗುಂಪುಳ್ಳ ಕೆಲವು ಮದ್ದುಗಳ ಸಂಗದಲ್ಲಿ ಕಂದುಬಣ್ಣಕ್ಕೆ ತಿರುಗಬಲ್ಲುದು. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಒತ್ತಿಗೆ ಮಣಿದು ಬಿಗಿಯಾಗಿ ಹೆಣೆದುಕೊಳ್ಳುತ್ತದಾದರೂ ಅಚ್ಚಿಗೆ ಅಂಟದಿರಲೆಂದು ಹಾಕುವ ಮೆಗ್ನೀಷಿಯಂ ಸ್ಟಿಯರೇಟಿನೊಡನೆ ಹೆಚ್ಚು ಹೊತ್ತು ಬೆರೆಸಿದರೆ ಆ ಬಿಗಿ ಸಡಿಲುತ್ತದೆ. ಡೈಕ್ಯಾಲ್ಸಿಯಂ ಫಾಸ್ಫೇಟ್ ಒತ್ತಡದಲ್ಲಿ ಒಡೆದು ಹೊಸ ಮೈ ತೋರುವುದರಿಂದ ಆ ಬಾಧೆಗೆ ಅಷ್ಟಾಗಿ ಜಗ್ಗದು, ಆದರೆ ನೀರಿನಲ್ಲಿ ಕರಗದು.

ಪೂರಕವು ಜಡವೆಂಬ ನಂಬಿಕೆಗೆ 1968ರ ಸುಮಾರಿನಲ್ಲಿ ಆಸ್ಟ್ರೇಲಿಯದಲ್ಲಿ ಪೆಟ್ಟು ಬಿದ್ದಿತು. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಕ್ಯಾಪ್ಸೂಲಿನಲ್ಲಿ (ಮಾತ್ರೆಯಲ್ಲ ನಿಜ, ನ್ಯಾಯ ಮಾತ್ರ ಒಂದೇ) ಕ್ಯಾಲ್ಸಿಯಂ ಸಲ್ಫೇಟನ್ನು ತೆಗೆದು ಲ್ಯಾಕ್ಟೋಸ್ ತುಂಬಿದರು. ಮದ್ದಿನ ಪ್ರಮಾಣವನ್ನು ಕೂದಲೆಳೆಯಷ್ಟೂ ಬದಲಿಸಿರಲಿಲ್ಲ. ಆದರೂ ರಕ್ತಕ್ಕೆ ಸೇರುವ ಮದ್ದು ಹೆಚ್ಚಿ, ಅದೇ ಅಳತೆಯನ್ನು ನೆಮ್ಮದಿಯಿಂದ ನುಂಗುತ್ತಿದ್ದವರಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು.

ಆದುದರಿಂದ ಪೂರಕವನ್ನು ಬದಲಿಸಿದಾಗಲೆಲ್ಲ ಮದ್ದು ಕರಗುವ, ಮೈಗೂಡುವ ಪರೀಕ್ಷೆಗಳು ಹೊಸದಾಗಿ ನಡೆಯತಕ್ಕದ್ದು. ಮುಂಬಯಿಯ ಮಟ್ಟಿಗಂತೂ ಆ ಪರೀಕ್ಷೆಯಲ್ಲಿ ಆಷಾಢದ ತೇವಕ್ಕೂ ಪಾಲಿರಬೇಕು. ಉಪ್ಪು ನೀರೊಡೆಯುವ ಇಲ್ಲಿನ ಮಳೆಗಾಲದಲ್ಲಿ ತೇವ ಹೀರಿದ ಆಸ್ಪಿರಿನ್ ಡಬ್ಬಿಯ ಮುಚ್ಚಳ ತೆರೆದರೆ ಮೊದಲು ಮೂಗಿಗೆ ಬಡಿಯುವುದು ವಿನೆಗರ್ ವಾಸನೆ.